ಹೋರಿಗರುವಿನ ಜೊತೆ ಹುಟ್ಟಿದವಳು

ಎರಡನೆಯ ಮಹಾಯುದ್ಧದ ದಿನಗಳು. ಅಮೆರಿಕದ ಮೇರಿಲ್ಯಾಂಡ್‌ನ ಹಸು ಸಾಕಣೆಗಾರನೊಬ್ಬ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಕಾಗದ ಬರೆದ. ಅವನ ಗರ್ನ್‌ಸಿ ತಳಿಯ ಹಸು ಬೆದೆಗೆ ಬಂದಾಗ ಅದೇ ತಳಿಯ ಹೋರಿ ಕೊಡಿಸಿದ್ದ. ಅದೇ ದಿನ ಹೆರ್‌ಫೋರ್ಡ್ ಹೋರಿಯೊಂದೂ ಆ ಹಸುವನ್ನು ಕೂಡಿತ್ತು. ದಿನ ತುಂಬಿ ಹಸು ಅವಳಿ ಕರು ಹಾಕಿತು. ಒಂದು ಹೆಣ್ಣು, ಒಂದು ಗಂಡು. ಒಂದು ಕರು ಅಪ್ಪಟ ಗರ್ನ್‌ಸಿ, ಇನ್ನೊಂದರ ಮುಖ ಮಾತ್ರ ಬೆಳ್ಳಗೆ. ಹೆರ್‌ಫೋರ್ಡ್ ಹೋರಿಗೆ ಹುಟ್ಟಿದ ಕರುವನ್ನು ಆ ಬಿಳಿ ಮುಖದಿಂದಲೇ ಗುರುತು ಹಿಡಿಯಬಹುದು. ಒಂದೇ ಬಸಿರಲ್ಲಿ ಬೆಳೆದ ಎರಡು ಕರುಗಳಿಗೆ ಇಬ್ಬರು ಬೇರೆ ಬೇರೆ ತಂದೆ.

ಇಷ್ಟೇ ಆಗಿದ್ದರೆ ಅದು ಊರ ಜನ ನಾಲ್ಕು ದಿನ ಆಡಿಕೊಂಡು ಮರೆಯುವ ಸುದ್ದಿ. ಆದರೆ ವಿಸ್ಕಾನ್ಸಿನ್‌ನಲ್ಲಿ ದನಗಳ ರಕ್ತದ ಗುಂಪು ನೋಡಿ, ಕರುವಿನ ತಂದೆ ಯಾರೆಂದು ಹೇಳುವ ಪ್ರಯೋಗಾಲಯವೊಂದಿತ್ತು. ತಳಿಯ ದಾಖಲೆ ಇಡುವ ಸಂಘಗಳಿಗೆ ಆ ಪರೀಕ್ಷೆ ಬೇಕಾಗುತ್ತಿತ್ತು. ಅಲ್ಲಿ ಕೆಲಸಕ್ಕಿದ್ದ ರೇ ಓವೆನ್ ಅದೇ ರಾಜ್ಯದ ಜೆನೆಸೀ ಎಂಬಲ್ಲಿ ಡೈರಿ ಹಸುಗಳ ನಡುವೆ ಬೆಳೆದ ರೈತನ ಮಗ, ಇನ್ನೂ ಮೂವತ್ತು ತುಂಬದ ಹುಡುಗ. ಮೇರಿಲ್ಯಾಂಡ್‌ನ ಕರುಗಳ ರಕ್ತ ಪರೀಕ್ಷಿಸಿದಾಗ ಕಂಡದ್ದು ಯಾವ ಲೆಕ್ಕಕ್ಕೂ ಸಿಗುವಂತಿರಲಿಲ್ಲ. ಎರಡೂ ಕರುಗಳ ರಕ್ತ ಒಂದೇ ಬಗೆಯದು, ಎರಡರಲ್ಲೂ ಎರಡೂ ಹೋರಿಗಳ ಗುರುತು! ಒಂದು ಕರುವಿಗೆ ಇಬ್ಬರು ತಂದೆ ಇರಲು ಸಾಧ್ಯವೇ ಇಲ್ಲ.

ಈ ಪ್ರಸಂಗ ಓದಿದಂದಿನಿಂದ ನನಗೆ ಆ ಜೋಡಿಯ ಹೆಣ್ಣುಗರುವಿನದೇ ಯೋಚನೆ. ಹೋರಿಗರುವಿನ ಜೊತೆ ಹುಟ್ಟಿದ ಹೆಣ್ಣುಗರು ಬಹುಪಾಲು ಗೊಡ್ಡು. ಬೆದೆಗೆ ಬರುವುದಿಲ್ಲ, ಗಬ್ಬ ಕಟ್ಟುವುದಿಲ್ಲ, ಕೆಚ್ಚಲು ಬಿಡುವುದಿಲ್ಲ. ಇಂಗ್ಲೆಂಡಿನ ದನ ಸಾಕುವವರು ಅದನ್ನು ಫ್ರೀಮಾರ್ಟಿನ್ ಎಂದು ಕರೆಯುತ್ತಿದ್ದರು. ಪಶುವೈದ್ಯರು ಎಲ್ಲೆಡೆ ಬಳಸುವುದು ಇವತ್ತಿಗೂ ಅದೇ ಹೆಸರು. ಎರಡೂ ಹೆಣ್ಣಾದರೆ ತೊಂದರೆಯಿಲ್ಲ, ಎರಡೂ ಗಂಡಾದರೂ ಇಲ್ಲ, ಹೆಣ್ಣು ಗಂಡು ಜೋಡಿಯಾದರೆ ಗಂಡು ಕರು ಸಾಮಾನ್ಯವಾಗಿ ಹೋರಿಯಾಗಿಯೇ ಬೆಳೆಯುತ್ತದೆ, ಹೆಣ್ಣು ಕೆಡುತ್ತದೆ. ಇಷ್ಟನ್ನು ಕೊಟ್ಟಿಗೆಯವರು ವಿಜ್ಞಾನಿಗಳಿಗಿಂತ ಬಹಳ ಮೊದಲೇ ಕಂಡುಕೊಂಡಿದ್ದರು.

ಅವರ ಮಾತನ್ನು ಗಂಭೀರವಾಗಿ ತೆಗೆದುಕೊಂಡವನು ಜಾನ್ ಹಂಟರ್. ಸ್ಕಾಟ್ಲೆಂಡಿನ ಹಳ್ಳಿಯಿಂದ ಲಂಡನ್ನಿಗೆ ಬಂದು, ಅಣ್ಣ ವಿಲಿಯಂನ ಅಂಗರಚನಾ ಶಾಲೆಯಲ್ಲಿ ಹೆಣ ಕೊಯ್ಯುತ್ತಾ ಕಲಿತ ಶಸ್ತ್ರವೈದ್ಯ. ಸಿಡುಬಿಗೆ ಲಸಿಕೆ ತಂದ ಎಡ್ವರ್ಡ್ ಜೆನ್ನರ್ ಇವನ ಶಿಷ್ಯ. ಅರ್ಲ್ಸ್ ಕೋರ್ಟ್‌ನ ತನ್ನ ಮನೆಯ ಸುತ್ತ ಹಂಟರ್ ನಾನಾ ಪ್ರಾಣಿಗಳನ್ನು ಸಾಕಿಕೊಂಡಿದ್ದ. ಫ್ರೀಮಾರ್ಟಿನ್ ಸಂಗತಿ ಕಿವಿಗೆ ಬಿದ್ದಾಗ ಅದು ಹಳ್ಳಿಯವರ ಮಾತು ಎಂದು ತಳ್ಳಿಹಾಕಲಿಲ್ಲ, ಕೊಯ್ದು ನೋಡಲು ಹೊರಟ. ಅರ್ಬತ್‌ನಾಟ್, ರೈಟ್, ವೆಲ್ಸ್ ಎಂಬ ಮೂವರ ಬಳಿ ಅಂಥ ದನಗಳು ಸಿಕ್ಕವು. 1779ರಲ್ಲಿ ರಾಯಲ್ ಸೊಸೈಟಿಯ ಮುಂದೆ ತನ್ನ ವರದಿಯನ್ನು ಇಟ್ಟ.

ಆ ವರದಿಯಲ್ಲಿ ನನಗೆ ಇಷ್ಟವಾಗುವುದು ಅವನು ನೋಡಿದ ರೀತಿ. ಹೊರಗಿನಿಂದ ಹೆಣ್ಣು. ಆದರೆ ಮೈಕಟ್ಟು ಎತ್ತಿನದು, ಕೂಗೂ ಎತ್ತಿನ ಹಾಗೆ. ಹಾಲಿಗೆ ಬಾರದ ಇಂಥವನ್ನು ಜನ ಎತ್ತಿನ ಜೊತೆ ನೊಗಕ್ಕೆ ಹೂಡುತ್ತಾರೆ ಇಲ್ಲವೇ ಮಾಂಸಕ್ಕೆಂದು ಕೊಬ್ಬಿಸುತ್ತಾರೆ ಎಂಬುದನ್ನೂ ಬರೆದಿಟ್ಟ. ಒಳಗೆ ನೋಡಿದರೆ ಯೋನಿಯ ದಾರಿ ಗರ್ಭಕೋಶ ತಲುಪುವ ಮೊದಲೇ ಮುಚ್ಚಿಹೋಗಿದೆ. ಅಂಡಾಶಯ ಇರಬೇಕಾದಲ್ಲಿ ವೃಷಣವನ್ನು ಹೋಲುವ ಗಂಟು. ಮೂರೂ ಒಂದೇ ತರಹ ಇರಲಿಲ್ಲ. ಒಂದು ಹೆಚ್ಚು ಗಂಡು, ಇನ್ನೊಂದು ಕಡಿಮೆ. ಕಾರಣ ಅವನಿಗೆ ಹೊಳೆಯಲಿಲ್ಲ. ಹೊಳೆಯದ ಕಾರಣವನ್ನು ಕಟ್ಟಿ ಹೇಳುವ ಚಾಳಿಯೂ ಅವನದಲ್ಲ.

ಹಂಟರ್ 1793ರಲ್ಲಿ ತೀರಿಕೊಂಡ. ಅವನು ಬಿಟ್ಟುಹೋದದ್ದು ಸುಮಾರು 14,000 ಮಾದರಿಗಳು ಮತ್ತು ರಾಶಿಗಟ್ಟಲೆ ಕೈಬರಹ. ಮಾದರಿಗಳನ್ನು ಸರ್ಕಾರ 1799ರಲ್ಲಿ ಕೊಂಡಿತು. ಕೈಬರಹಗಳು ಸೇರಿದ್ದು ಅವನ ಭಾವಮೈದುನ ಎವರಾರ್ಡ್ ಹೋಮ್‌ನ ಕೈಗೆ. ಹೋಮ್ ವರ್ಷಗಟ್ಟಲೆ ಅವನ್ನು ತನ್ನ ವಶದಲ್ಲೇ ಇಟ್ಟುಕೊಂಡು, ತನ್ನ ಹೆಸರಿನಲ್ಲಿ ಪ್ರಬಂಧದ ಮೇಲೆ ಪ್ರಬಂಧ ಓದಿದ. 1823ರಲ್ಲಿ ಅವುಗಳ ಬಹುಪಾಲನ್ನು ಸುಟ್ಟುಹಾಕಿದ. ಕದ್ದದ್ದು ಬಯಲಾಗದಿರಲೆಂದೇ ಸುಟ್ಟ ಎಂಬ ಅನುಮಾನ ಅಂದಿನಿಂದ ಅವನ ಬೆನ್ನು ಬಿಟ್ಟಿಲ್ಲ, ಬಿಡಲೂಬಾರದು. ಹಂಟರ್‌ನ ಮಾದರಿಗಳ ಸಂಗ್ರಹಾಲಯ ನೋಡಿಕೊಳ್ಳುತ್ತಿದ್ದ ವಿಲಿಯಂ ಕ್ಲಿಫ್ಟ್ ಎಂಬ ಪುಣ್ಯಾತ್ಮ ಕೈಬರಹಗಳ ಒಂದು ಪಾಲನ್ನು ಮೊದಲೇ ನಕಲು ಮಾಡಿಟ್ಟಿದ್ದರಿಂದ ಅಷ್ಟಾದರೂ ಉಳಿಯಿತು. 1941ರ ಮೇ ತಿಂಗಳಲ್ಲಿ ಜರ್ಮನ್ ಬಾಂಬುಗಳು ಆ ಸಂಗ್ರಹಾಲಯದ ಮೇಲೂ ಬಿದ್ದವು. ಹಂಟರ್‌ನ ಮಾದರಿಗಳಲ್ಲಿ ಇಂದು ಉಳಿದಿರುವುದು ಸುಮಾರು 3,500. ಬೆಂಕಿ ಯುದ್ಧದ್ದಾದರೆ ಸಹಿಸಿಕೊಳ್ಳಬಹುದು, ಮನೆಯವನೇ ಕೂತು ಹಚ್ಚಿದ ಬೆಂಕಿಯನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಹಂಟರ್‌ನ ವರದಿಯ ನಂತರದ ನೂರಕ್ಕೂ ಹೆಚ್ಚು ವರ್ಷ ಫ್ರೀಮಾರ್ಟಿನ್ ಬಗ್ಗೆ ಹಲವರು ಹಲವು ಊಹೆ ಮಾಡಿದರು. ಕಾರಣ ಸ್ಪಷ್ಟವಾಗಿ ಕಂಡದ್ದು ಷಿಕಾಗೊದಲ್ಲಿ.

ಫ್ರಾಂಕ್ ಲಿಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಭ್ರೂಣಶಾಸ್ತ್ರಜ್ಞ. ಅವನಿಗೆ ಸ್ವಂತ ಹಸುಗಳೂ ಇದ್ದವು. 1914ರಲ್ಲಿ ಅವನ ತೋಟದ ಮೇಲ್ವಿಚಾರಕ, ಹುಟ್ಟುವ ಮೊದಲೇ ಸತ್ತ ಅವಳಿ ಕರುಗಳನ್ನು ಮಾಸು ಸಮೇತ ಕಳಿಸಿಕೊಟ್ಟ. ಅಲ್ಲಿಂದ ಶುರುವಾದ ಹುಡುಕಾಟಕ್ಕೆ ಷಿಕಾಗೊದ ದೊಡ್ಡ ಕಸಾಯಿಖಾನೆಗಳೇ ನೆರವಾದವು. ಗಬ್ಬದ ಹಸುಗಳ ಹೊಟ್ಟೆಯಲ್ಲಿ ಅವಳಿ ಸಿಕ್ಕಾಗಲೆಲ್ಲ ಗರ್ಭಕೋಶ ಇಡಿಯಾಗಿ ಲಿಲ್ಲಿಯ ಮೇಜಿಗೆ ಬರುತ್ತಿತ್ತು. ಮೊದಲು ಅವನು ಅಂಡಾಶಯಗಳನ್ನು ನೋಡಿದ. ಅಂಡ ಕಳಚಿದ ಗುರುತು ಎರಡು ಕಡೆ ಇತ್ತು, ಅಂದರೆ ಎರಡು ಅಂಡ, ಎರಡು ಬೇರೆ ಜೀವ. ಆಮೇಲೆ ಮಾಸಿನ ರಕ್ತನಾಳಗಳಿಗೆ ಬಣ್ಣದ ದ್ರವ ತುಂಬಿದ. ಒಂದು ಕರುವಿನ ಕಡೆಯಿಂದ ಹೊರಟ ಬಣ್ಣ ಇನ್ನೊಂದರ ಕಡೆಗೆ ಹರಿದುಹೋಯಿತು. ಎರಡು ಮಾಸುಗಳು ಬೆಸೆದು ನಾಳಗಳು ಕೂಡಿಕೊಂಡಿದ್ದವು. ನಾಳಗಳು ಕೂಡದೇ ಉಳಿದಲ್ಲಿ, ಪಕ್ಕದಲ್ಲಿ ಗಂಡು ಕರು ಇದ್ದರೂ ಹೆಣ್ಣುಗರುವಿಗೆ ಏನೂ ಆಗಿರಲಿಲ್ಲ. ಈ ಕೊನೆಯ ಸಾಕ್ಷಿಯೇ ವಾದವನ್ನು ಗೆಲ್ಲಿಸಿತು.

ಗಂಡು ಕರುವಿನ ವೃಷಣ ಬೇಗ ಕೆಲಸ ಆರಂಭಿಸುತ್ತದೆ, ಅದರ ರಸ ರಕ್ತದಲ್ಲಿ ಹರಿದು ಹೆಣ್ಣುಗರುವಿನ ಇನ್ನೂ ರೂಪುಗೊಳ್ಳದ ಜನನಾಂಗಗಳನ್ನು ಕೆಡಿಸುತ್ತದೆ ಎಂದು ಲಿಲ್ಲಿ 1916ರಲ್ಲಿ ಬರೆದ. ಟೆಸ್ಟೋಸ್ಟೆರೋನ್ ಇನ್ನೂ ಯಾರ ಕೈಗೂ ಸಿಗದಿದ್ದ ಕಾಲ ಅದು. ಅದೇ ವರ್ಷ ವಿಯೆನ್ನಾದಲ್ಲಿ ಕೆಲ್ಲರ್ ಮತ್ತು ಜೂಲಿಯಸ್ ಟಾಂಡ್ಲರ್ ಇದೇ ತೀರ್ಮಾನವನ್ನು ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದರು. ಯುರೋಪು ಹೊತ್ತಿ ಉರಿಯುತ್ತಿತ್ತು, ಆ ಪಶುವೈದ್ಯ ಪತ್ರಿಕೆಯನ್ನು ಓದಿದವರು ಕಡಿಮೆ. ಟಾಂಡ್ಲರ್ ಮುಂದೆ ವಿಯೆನ್ನಾ ನಗರದ ಬಡವರ ಆರೋಗ್ಯಕ್ಕಾಗಿ ದುಡಿದು, 1936ರಲ್ಲಿ ಮಾಸ್ಕೋದಲ್ಲಿ ತೀರಿಕೊಂಡ. ಇಂಗ್ಲಿಷ್ ಪಠ್ಯಪುಸ್ತಕಗಳಲ್ಲಿ ಲಿಲ್ಲಿಯ ಹೆಸರಷ್ಟೇ ಗಟ್ಟಿಯಾಗಿ ನಿಂತಿತು.

ಲಿಲ್ಲಿ ಹೇಳಿದ ರಸ ಒಂದಲ್ಲ, ಕನಿಷ್ಠ ಎರಡು ಎಂದು ತೋರಿಸಿದವನು ಪ್ಯಾರಿಸ್‌ನ ಆಲ್ಫ್ರೆಡ್ ಜೋಸ್ಟ್. ತಾಯಿಯ ಹೊಟ್ಟೆಯೊಳಗಿದ್ದ ಮೊಲದ ಭ್ರೂಣಗಳಿಗೆ ಶಸ್ತ್ರಚಿಕಿತ್ಸೆ ಮಾಡಿದ ಗಟ್ಟಿಗ ಅವನು. ಗರ್ಭಕೋಶವಾಗಬೇಕಾದ ನಾಳವನ್ನು ಅಳಿಸುವ ಕೆಲಸ ಟೆಸ್ಟೋಸ್ಟೆರೋನಿನದಲ್ಲ, ವೃಷಣದಿಂದಲೇ ಬರುವ ಬೇರೊಂದು ವಸ್ತುವಿನದು ಎಂದ. ಇಂದು ಮಕ್ಕಳಾಗದ ದಂಪತಿಗಳಿಗೆ ಫರ್ಟಿಲಿಟಿ ಕ್ಲಿನಿಕ್‌ಗಳಲ್ಲಿ ಮೊದಲು ಬರೆದುಕೊಡುವ ರಕ್ತಪರೀಕ್ಷೆಗಳಲ್ಲಿ ಎಎಂಹೆಚ್ ಒಂದಲ್ಲವೇ? ಆ ವಸ್ತುವೇ ಇದು. ಗೊಡ್ಡು ಕಡಸಿನ ಗರ್ಭಕೋಶವನ್ನು ಬೆಳೆಯಗೊಡದ ಹಾರ್ಮೋನಿನ ಅಳತೆ ಈಗ ಬೆಂಗಳೂರಿನ ಹೆಣ್ಣುಮಗಳಿಗೆ ಅವಳ ಅಂಡಾಶಯದಲ್ಲಿ ಎಷ್ಟು ಅಂಡ ಉಳಿದಿದೆ ಎಂದು ಅಂದಾಜು ಕೊಡುತ್ತದೆ.

ಇಷ್ಟೆಲ್ಲ ತಿಳಿದು ನೂರು ವರ್ಷವಾದರೂ ನಮ್ಮ ಕೊಟ್ಟಿಗೆಗಳಿಗೆ ಅದು ಪೂರ್ತಿ ತಲುಪಿಲ್ಲ. ನಮ್ಮ ಸೋದರಮಾವನ ಮನೆಯಲ್ಲಿ ಎಚ್‌ಎಫ್ ಮಿಶ್ರತಳಿಯ ಕಡಸೊಂದಿತ್ತು. ನೋಡಲು ದಷ್ಟಪುಷ್ಟ, ಬೆನ್ನು ಮಿರಮಿರ ಮಿಂಚುತ್ತಿತ್ತು. ವಯಸ್ಸು ಎರಡು ದಾಟಿದರೂ ಬೆದೆ ಇಲ್ಲ. ಖನಿಜ ಮಿಶ್ರಣ ತಿನ್ನಿಸಿದ್ದಾಯಿತು, ಜಂತಿನ ಔಷಧಿ ಕುಡಿಸಿದ್ದಾಯಿತು, ಹರಕೆಯೂ ಆಯಿತು. ಕೊನೆಗೆ ಬಂದ ಡಾಕ್ಟರು ಕೈಗವಸು ಹಾಕಿಕೊಳ್ಳುತ್ತಾ ಒಂದೇ ಮಾತು ಕೇಳಿದರು: “ಗೌಡ್ರೇ, ಇದರ ಜೊತೆ ಇನ್ನೊಂದು ಹುಟ್ಟಿತ್ತಾ?” “ಹೂಂ ಸಾರ್, ಹೋರಿಗರ. ಅದನ್ನ ಆವಾಗ್ಲೇ ಕೊಟ್ಬುಟ್ವಿ.” ಒಳಗೆ ಕೈಯಾಡಿಸಿದ ಡಾಕ್ಟರಿಗೆ ಗರ್ಭಕೋಶದ ಜಾಗದಲ್ಲಿ ದಾರದಂಥದ್ದೇನೋ ಸಿಕ್ಕಿತು, ಅಷ್ಟೇ. “ಇದಕ್ಕೆ ಸೂಜಿ ಹಾಕ್ಸಿ ಪ್ರಯೋಜನ ಇಲ್ಲ, ದುಡ್ಡು ಕಳ್ಕೋಬೇಡಿ” ಅಂದರು. ಅತ್ತೆ ಏನೂ ಮಾತಾಡದೆ ಅದರ ಮುಂದಿನ ಹಿಂಡಿಯ ಬಾನಿ ಎತ್ತಿಕೊಂಡು ಒಳಗೆ ಹೋದರು.

ಕರು ಹುಟ್ಟಿದ ಒಂದೆರಡು ವಾರದಲ್ಲೇ ಇದನ್ನು ತಿಳಿಯಬಹುದಿತ್ತು ಎಂಬುದೇ ನನ್ನ ಸಂಕಟ. ತುದಿ ಮೊಂಡಾದ, ಜಾರುವಂತೆ ಜೆಲ್ಲಿ ಸವರಿದ ಸಣ್ಣ ಕೊಳವೆಯನ್ನು ಮೆಲ್ಲಗೆ ಯೋನಿಯೊಳಗೆ ಬಿಟ್ಟರೆ, ಸರಿಯಾದ ಹೆಣ್ಣುಗರುವಿನಲ್ಲಿ ಅದು ಸುಮಾರು 13 ಸೆಂಟಿಮೀಟರ್ ಅಥವಾ ಇನ್ನೂ ಆಳಕ್ಕೆ ಹೋಗುತ್ತದೆ. ಫ್ರೀಮಾರ್ಟಿನ್‌ನಲ್ಲಿ 5ರಿಂದ 8 ಸೆಂಟಿಮೀಟರಿಗೇ ತಡೆಯುತ್ತದೆ. ಅನುಮಾನ ಉಳಿದರೆ ರಕ್ತದಲ್ಲಿ ಗಂಡಿನ ವೈ ವರ್ಣತಂತು ಇದೆಯೇ ಎಂದು ಪ್ರಯೋಗಾಲಯದಲ್ಲಿ ನೋಡಬಹುದು. ಹೋರಿಗರುವಿನ ಜೊತೆ ಹುಟ್ಟಿದ ಹತ್ತು ಹೆಣ್ಣುಗರುಗಳಲ್ಲಿ ಸರಿಸುಮಾರು ಒಂಬತ್ತು ಹೀಗೆ. ಅದು ಗೊತ್ತಿದ್ದ ಮನೆಯವರು ಎರಡು ವರ್ಷ ಹಿಂಡಿ ಬೂಸಾ ಹಾಕಿ ಕಾಯುತ್ತಾ ಕೂರಬೇಕಾಗಿಲ್ಲ.

ಹೆಣ್ಣುಗರುವಿನ ರಕ್ತದಲ್ಲಿ ವೈ ವರ್ಣತಂತು ಹೇಗೆ ಬಂತು ಎಂಬುದೂ, ಮೇರಿಲ್ಯಾಂಡ್‌ನ ಕರುಗಳ ರಕ್ತ ಕಂಡ ಓವೆನ್‌ನ ಪ್ರಶ್ನೆಯೂ ಒಂದೇ. ಲಿಲ್ಲಿ ಏನು ಬರೆದಿದ್ದ ಎಂದು ಅವನಿಗೆ ಗೊತ್ತಿತ್ತು. ಕೂಡಿಕೊಂಡ ನಾಳಗಳಲ್ಲಿ ಹರಿದದ್ದು ಹಾರ್ಮೋನು ಮಾತ್ರವಲ್ಲ, ರಕ್ತಕಣಗಳೂ ಅತ್ತಿಂದಿತ್ತ ಹೋಗಿದ್ದವು. ಅಷ್ಟಕ್ಕೇ ಅವನು ನಿಲ್ಲಲಿಲ್ಲ. ಕೆಂಪು ರಕ್ತಕಣದ ಆಯಸ್ಸು ಕೆಲವೇ ತಿಂಗಳು. ಆದರೂ ಬೆಳೆದ ದನಗಳಲ್ಲಿ ಅವಳಿಯ ಬಗೆಯ ರಕ್ತ ಉಳಿದೇ ಇತ್ತು. ಹಾಗಾದರೆ ಬಂದು ನೆಲೆಸಿದ್ದು ರಕ್ತ ಹುಟ್ಟಿಸುವ ಮೂಲ ಕಣಗಳೇ ಇರಬೇಕು. ಪರರ ಕಣವನ್ನು ಕಂಡರೆ ಕೊಂದುಹಾಕುವ ದೇಹ, ಹುಟ್ಟುವ ಮೊದಲೇ ಒಳಗೆ ಬಂದು ಕೂತ ಕಣಗಳನ್ನು ತನ್ನವೆಂದೇ ಸಾಕಿಕೊಂಡಿತ್ತು. 1945ರ ಅಕ್ಟೋಬರ್‌ನಲ್ಲಿ ಇದು ‘ಸೈನ್ಸ್’ ಪತ್ರಿಕೆಯಲ್ಲಿ ಬಂತು, ಬರೀ ಎರಡು ಪುಟ.

ಆಸ್ಟ್ರೇಲಿಯಾದ ಮ್ಯಾಕ್‌ಫರ್ಲೇನ್ ಬರ್ನೆಟ್ ಆ ಎರಡು ಪುಟದ ತೂಕ ಅರಿತವನು. ಸಹೋದ್ಯೋಗಿ ಫೆನ್ನರ್ ಜೊತೆ 1949ರಲ್ಲಿ ತಂದ ಪುಸ್ತಕದಲ್ಲಿ, ದೇಹ ತನ್ನದು ಯಾವುದೆಂದು ಕಲಿಯುವುದೇ ಭ್ರೂಣದ ಹಂತದಲ್ಲಿ ಎಂಬ ವಾದ ಕಟ್ಟಿದ. ಇತ್ತ ಇಂಗ್ಲೆಂಡಿನಲ್ಲಿ ಪೀಟರ್ ಮೆಡವಾರ್, ಸುಟ್ಟ ಗಾಯಕ್ಕೆ ಬೇರೆಯವರ ಚರ್ಮ ಕಸಿ ಮಾಡಿದರೆ ಏಕೆ ನಿಲ್ಲುವುದಿಲ್ಲ ಎಂದು ಯುದ್ಧಕಾಲದಿಂದಲೂ ತಲೆ ಕೆಡಿಸಿಕೊಂಡಿದ್ದ. 1948ರಲ್ಲಿ ಸ್ಟಾಕ್‌ಹೋಮ್‌ನ ಸಮ್ಮೇಳನದಲ್ಲಿ ಪ್ರಾಣಿ ತಳಿವಿಜ್ಞಾನಿ ಹ್ಯೂ ಡೊನಾಲ್ಡ್ ಸಿಕ್ಕಿ, ಅವಳಿ ಕರುಗಳಲ್ಲಿ ಒಂದೇ ಅಂಡದವು ಯಾವುವು, ಎರಡು ಅಂಡದವು ಯಾವುವು ಎಂದು ಬೇರ್ಪಡಿಸುವುದು ಹೇಗೆಂದು ಕೇಳಿದ. ಚರ್ಮ ಕಸಿ ಮಾಡಿದರಾಯಿತು, ಎರಡು ಅಂಡದ್ದಾದರೆ ಕಸಿ ನಿಲ್ಲುವುದಿಲ್ಲ, ಎಂದು ಮೆಡವಾರ್ ಸಲೀಸಾಗಿ ಹೇಳಿಬಿಟ್ಟ. ಶಿಷ್ಯ ಬಿಲ್ಲಿಂಗ್‌ಹ್ಯಾಮ್‌ನನ್ನು ಕರೆದುಕೊಂಡು ಸ್ಟಾಫರ್ಡ್‌ಶೈರ್‌ನ ತೋಟಕ್ಕೆ ಹೋಗಿ ಮಾಡಿಯೂ ನೋಡಿದ. ಬಹುಪಾಲು ಅವಳಿಗಳಲ್ಲಿ ಕಸಿ ನಿಂತಿತು! ಹೆಣ್ಣು ಗಂಡು ಜೋಡಿಯಲ್ಲೂ ನಿಂತಿತು. ಕಕ್ಕಾಬಿಕ್ಕಿಯಾದ ಅವರಿಗೆ ಕಾರಣ ತಿಳಿದದ್ದು ಬರ್ನೆಟ್–ಫೆನ್ನರ್ ಪುಸ್ತಕದಲ್ಲಿ ಓವೆನ್‌ನ ಕೆಲಸ ಓದಿದ ಮೇಲೆ. 1953ರಲ್ಲಿ ಮೆಡವಾರ್, ಬಿಲ್ಲಿಂಗ್‌ಹ್ಯಾಮ್ ಮತ್ತು ಬ್ರೆಂಟ್ ಇದೇ ಸಹಿಷ್ಣುತೆಯನ್ನು ಇಲಿಗಳಲ್ಲಿ ಬೇಕೆಂದೇ ಉಂಟುಮಾಡಿ ತೋರಿಸಿದರು. ಅಂಗ ಕಸಿ ಆಗದ ಮಾತಲ್ಲ ಎಂಬ ಧೈರ್ಯ ವೈದ್ಯಲೋಕಕ್ಕೆ ಬಂದದ್ದು ಅಲ್ಲಿಂದ.

ಅದೇ ವರ್ಷ ಇಂಗ್ಲೆಂಡಿನಲ್ಲಿ ರಕ್ತದಾನಕ್ಕೆ ಬಂದ ಮಹಿಳೆಯೊಬ್ಬರ ರಕ್ತದಲ್ಲಿ ‘ಎ’ ಮತ್ತು ‘ಒ’ ಎರಡೂ ಗುಂಪು ಬೆರೆತಿದ್ದವು. ಅವಳಿ ಇದ್ದಾರೆಯೇ ಎಂದು ವೈದ್ಯರು ವಿಚಾರಿಸಿದರು. ಇದ್ದ, ಮೂರು ತಿಂಗಳಿನಲ್ಲೇ ತೀರಿಹೋದ ಸೋದರ. ಅವನ ರಕ್ತ ಆಕೆಯ ಮೈಯಲ್ಲಿ ಇನ್ನೂ ಹುಟ್ಟುತ್ತಲೇ ಇತ್ತು. ಆಕೆಗೆ ಮಗುವೂ ಆಗಿತ್ತು. ಹಸುವಿನಲ್ಲಿ ಹೆಣ್ಣನ್ನು ಕೆಡಿಸುವ ನಂಟು ಆಕೆಯಲ್ಲಿ ಅಂಥ ಕೇಡು ಮಾಡಿರಲಿಲ್ಲ.

1960ರ ನೊಬೆಲ್ ಪ್ರಶಸ್ತಿ ಬರ್ನೆಟ್ ಮತ್ತು ಮೆಡವಾರ್‌ಗೆ ಹೋಯಿತು. ಇಬ್ಬರೂ ಯೋಗ್ಯರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ನೊಬೆಲ್ ಅನ್ನು ಮೂವರಿಗೆ ಹಂಚಬಹುದು. ಆ ವರ್ಷ ಹಂಚಿದ್ದು ಇಬ್ಬರಿಗೆ ಮಾತ್ರ, ಮೂರನೆಯ ಜಾಗ ಖಾಲಿಯಿತ್ತು. ಒಬ್ಬ ಸಿದ್ಧಾಂತ ಕಟ್ಟಿದ, ಇನ್ನೊಬ್ಬ ಅದನ್ನು ಸಾಧಿಸಿದ. ಇಬ್ಬರಿಗೂ ಮೊದಲು, ಕೊಟ್ಟಿಗೆಯ ಅವಳಿಗಳಲ್ಲಿ ಅದನ್ನು ಕಣ್ಣಾರೆ ಕಂಡವನನ್ನು ಬಿಟ್ಟದ್ದಕ್ಕೆ ಯಾವ ಸಮರ್ಥನೆಯೂ ನನಗೆ ಒಪ್ಪಿಗೆಯಾಗಿಲ್ಲ. ಮೆಡವಾರ್‌ಗೂ ಒಪ್ಪಿಗೆಯಾಗಿರಲಿಲ್ಲ. ಓವೆನ್‌ಗೆ ಪತ್ರ ಬರೆದು, ಈ ಗೌರವದಲ್ಲಿ ನಿಮ್ಮ ಪಾಲೂ ಇರಬೇಕಿತ್ತು ಎಂಬ ಅರ್ಥದಲ್ಲಿ ತನ್ನ ನೋವನ್ನು ಹೇಳಿಕೊಂಡ. ಓವೆನ್ ಅಷ್ಟರಲ್ಲಾಗಲೇ ಕ್ಯಾಲಿಫೋರ್ನಿಯಾದ ಕ್ಯಾಲ್ಟೆಕ್ ಸೇರಿದ್ದ. ಅಲ್ಲೇ ಪಾಠ ಹೇಳಿಕೊಂಡು ನಿವೃತ್ತನಾಗಿ, 98ನೆಯ ವಯಸ್ಸಿನಲ್ಲಿ, 2014ರಲ್ಲಿ ತೀರಿಕೊಂಡ.