ಹಲ್ಲು ಕೀಳಿಸಿದ ಮರುದಿನ ಒಲೆಯ ಮುಂದೆ ನಿಲ್ಲಬೇಡಿ

ಕಳೆದ ಮದುವೆ ಸೀಸನ್ನಿನಲ್ಲಿ ನಮ್ಮ ಹಿರಿಯ ಸದಸ್ಯರೊಬ್ಬರಿಗೆ ಆದ ಅನುಭವವನ್ನು ಅವರ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇವೆ. ಹೆಸರು ಬೇಡ ಎಂದಿದ್ದಾರೆ, ಹಾಕುವುದಿಲ್ಲ. ಅವರಿಗೆ ಸಕ್ಕರೆ ಕಾಯಿಲೆ ಬಂದು ಹನ್ನೆರಡು ವರ್ಷ. ಬುಧವಾರ ಸಂಜೆ ಕೆಳಗಿನ ದವಡೆ ಹಲ್ಲು ಕೀಳಿಸಿಕೊಂಡರು. ಗುರುವಾರ ನಸುಕಿನ ನಾಲ್ಕಕ್ಕೆ 600 ಎಲೆಯ ಊಟಕ್ಕೆ ಒಲೆ ಹಚ್ಚಿಸಿದರು. ಬಾಯಲ್ಲಿ ರಕ್ತದ ರುಚಿ ಬಂದಾಗಲೆಲ್ಲ ಮುಕ್ಕಳಿಸಿ ಉಗಿದರು, ಕುದಿಯುವ ಸಾರಿನ ಉಪ್ಪು ನೋಡಿದರು, ಅನ್ನದ ಹಂಡೆ ಇಳಿಸಲು ಕೈ ಕೊಟ್ಟರು. ಅಗಿಯಲಾಗದೆ ಊಟ ಬಿಟ್ಟರು, ಊಟ ಬಿಟ್ಟಿದ್ದಕ್ಕೆ ಮಾತ್ರೆಯನ್ನೂ ಬಿಟ್ಟರು. ನೋವು ಮರೆಯಲು ತಂಬಾಕು ಹಾಕಿದ ಎಲೆಯಡಿಕೆ ಜಗಿದರು. ಭಾನುವಾರ ಕೆನ್ನೆ ಊದಿ, ಬಾಯಿ ತೆರೆಯಲಾಗದೆ, ಜ್ವರದಲ್ಲಿ ಆಸ್ಪತ್ರೆ ಸೇರಿದಾಗ ಶುಗರ್ 340. ಐದು ದಿನ ಅಲ್ಲೇ ಉಳಿದರು. ಒಪ್ಪಿಕೊಂಡಿದ್ದ ಎರಡು ಕಾರ್ಯಕ್ರಮಗಳು ಬೇರೆಯವರ ಪಾಲಾದವು.

“ಹಲ್ಲಿನ ಡಾಕ್ಟರರದು ತಪ್ಪಿಲ್ಲ. ಶುಗರ್ ಇದೆ ಎಂದು ನಾನೇ ಹೇಳಲಿಲ್ಲ. ಹೇಳಿದರೆ ದಿನ ಮುಂದೆ ಹಾಕುತ್ತಾರೆ, ಮದುವೆ ಕೆಲಸಕ್ಕೆ ತೊಂದರೆಯಾಗುತ್ತದೆ ಎಂಬ ಭಯ” ಎಂದು ಅವರು ನಮ್ಮೊಡನೆ ಹೇಳಿಕೊಂಡರು.

ಇದು ಒಬ್ಬರ ಕಥೆಯಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹವಿದೆ. ನಮ್ಮ ಕಸುಬಾದರೋ ಪಾಯಸದ ಸಿಹಿ ನೋಡುವುದು, ಎಲ್ಲರಿಗೂ ಬಡಿಸಿ ಸಂಜೆ ನಾಲ್ಕಕ್ಕೆ ಉಣ್ಣುವುದು, ನಡುರಾತ್ರಿ ಮಲಗುವುದು. ಆದ್ದರಿಂದ ಈ ವಿಷಯ ನಮ್ಮವರಿಗೆ ತಿಳಿದಿರಬೇಕು.

ಗಾಯ ನಿಧಾನವಾಗುವುದೇಕೆ?

ಹಲ್ಲು ಕಿತ್ತ ಕುಳಿಯಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪೇ ಗಾಯದ ಮುಚ್ಚಳ. ಅದರ ಜಾಗದಲ್ಲಿ ಸುಮಾರು ಒಂದು ವಾರದಲ್ಲಿ ಹೊಸ ಮೆದು ಮಾಂಸ ಬೆಳೆಯುತ್ತದೆ, ಕೆಲವು ವಾರಗಳಲ್ಲಿ ಮೇಲೆ ಒಸಡು ಮುಚ್ಚಿಕೊಳ್ಳುತ್ತದೆ. ಒಳಗೆ ಮೂಳೆ ತುಂಬಲು ತಿಂಗಳುಗಳೇ ಬೇಕು. ರಕ್ತದಲ್ಲಿ ಸಕ್ಕರೆ ಏರಿದ್ದರೆ ರೋಗಾಣುಗಳ ಜೊತೆ ಹೋರಾಡುವ ಬಿಳಿ ರಕ್ತಕಣಗಳು ಮಂಕಾಗುತ್ತವೆ, ಹೊಸ ಮಾಂಸ ಕಟ್ಟುವ ಕೆಲಸ ಕುಂಟುತ್ತದೆ. ಹಳೆಯ ಕಾಯಿಲೆಯಾದರೆ ಸಣ್ಣ ರಕ್ತನಾಳಗಳೂ ಕೆಟ್ಟಿರುತ್ತವೆ. ಆದರೆ ಹೆದರಬೇಕಿಲ್ಲ. ಶುಗರ್ ಹತೋಟಿಯಲ್ಲಿದ್ದವರ ಗಾಯ ಬಹುಮಟ್ಟಿಗೆ ಉಳಿದವರಂತೆಯೇ ಮಾಯುತ್ತದೆ. ಕೆಡುಕು ಮಾಡುವುದು ಹತೋಟಿ ತಪ್ಪಿದ ಶುಗರ್, ಅದರ ಜೊತೆಗೆ ತಂಬಾಕು.

ಕೀಳಿಸುವ ಮೊದಲು

ಹಲ್ಲಿನ ಡಾಕ್ಟರರಿಗೆ ಶುಗರ್ ಇರುವುದನ್ನು ಹೇಳಿ, ತೆಗೆದುಕೊಳ್ಳುವ ಮಾತ್ರೆಗಳ ಚೀಟಿ ತೋರಿಸಿ. ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯ ವರದಿ ಕೈಯಲ್ಲಿರಲಿ. ಮೊದಲೇ ದಿನ ಗೊತ್ತುಮಾಡಿ ನಡೆಸುವ ಶಸ್ತ್ರಚಿಕಿತ್ಸೆಗಳಿಗೆ ಇದು ಸಾಧ್ಯವಾದಷ್ಟು 8ಕ್ಕಿಂತ ಕೆಳಗಿರಲಿ, ಆ ಹೊತ್ತಿನ ಶುಗರ್ 100ರಿಂದ 180ರೊಳಗೆ ಇರಲಿ ಎಂಬುದು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಸಲಹೆ. ಹಲ್ಲು ಕೀಳಿಸುವುದು ಸಣ್ಣ ಕೆಲಸವಾದರೂ ಈ ಅಳತೆ ಮನಸ್ಸಿನಲ್ಲಿರಲಿ. ಕೀವು, ಬಾವು ಇದ್ದರೆ ಮಾತ್ರ ಶುಗರ್ ಇಳಿಯಲೆಂದು ಕಾಯುತ್ತಾ ಕೂರಬೇಡಿ. ಆ ಕೀವೇ ಶುಗರ್ ಏರಿಸುತ್ತಿರುತ್ತದೆ. ಇಬ್ಬರೂ ಡಾಕ್ಟರರನ್ನು ಕೂಡಲೇ ಕಾಣಿ.

ಬೆಳಗಿನ ಹೊತ್ತು ಗೊತ್ತುಮಾಡಿಕೊಳ್ಳಿ. ಬರಿಯ ಜಾಗ ಮರಗಟ್ಟಿಸಿ ಕೀಳುವುದಾದರೆ ಸಾಮಾನ್ಯವಾಗಿ ತಿಂಡಿ ತಿಂದು, ಎಂದಿನ ಔಷಧಿ ತೆಗೆದುಕೊಂಡೇ ಹೋಗಬಹುದು. ಡಾಕ್ಟರರು ಬೇರೆ ಹೇಳಿದ್ದರೆ ಅದರಂತೆ ಮಾಡಿ. ರಕ್ತ ತೆಳುವಾಗುವ ಮಾತ್ರೆಯನ್ನು ನಾವಾಗಿಯೇ ನಿಲ್ಲಿಸಬಾರದು.

ಮೊದಲ ಮೂರು ದಿನ

ಹತ್ತಿಬಟ್ಟೆಯನ್ನು ಅರ್ಧದಿಂದ ಮುಕ್ಕಾಲು ಗಂಟೆ ಗಟ್ಟಿಯಾಗಿ ಕಚ್ಚಿಕೊಂಡಿರಿ. ಮೊದಲ 24 ಗಂಟೆ ಮುಕ್ಕಳಿಸುವುದು, ಉಗಿಯುವುದು, ಸ್ಟ್ರಾ ಹಾಕಿ ಹೀರುವುದು ಬೇಡ. ಇವೆಲ್ಲ ಹೆಪ್ಪನ್ನು ಕಿತ್ತುಹಾಕುತ್ತವೆ. ಹೆಪ್ಪು ಹೋದರೆ ಮೂಳೆ ತೆರೆದುಕೊಂಡು, ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಕಿವಿಯವರೆಗೂ ಸಿಡಿಯುವ ನೋವು ಬರಬಹುದು. ಒಂದು ದಿನ ಕಳೆದ ಮೇಲೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಊಟವಾದ ಮೇಲೆಲ್ಲ ಮೆಲ್ಲಗೆ ಬಾಯಲ್ಲಿ ಆಡಿಸಿ ಬಿಡಿ. ಉಳಿದ ಹಲ್ಲುಗಳನ್ನು ಎಂದಿನಂತೆ ಉಜ್ಜಿ.

ಬೀಡಿ, ಸಿಗರೇಟು, ತಂಬಾಕು ಕಡೇ ಪಕ್ಷ ಮೂರು ದಿನ ಬಾಯಿಗೆ ಬೇಡ. ಪೂರ್ತಿ ಬಿಟ್ಟರೆ ಇನ್ನೂ ಲೇಸು. ಗಾಯಕ್ಕೆ ಲವಂಗದೆಣ್ಣೆ, ಹಲ್ಲುಪುಡಿ, ನಶ್ಯ ತುಂಬುವುದು ಸಲ್ಲದು. ಎರಡು ದಿನ ಹಂಡೆ ಎತ್ತುವುದು, ಬಗ್ಗಿ ಎಳೆಯುವುದು, ಬೆಂಕಿಯ ಝಳದಲ್ಲಿ ನಿಲ್ಲುವುದು ಬೇಡ, ಮತ್ತೆ ರಕ್ತ ಒಸರುತ್ತದೆ. ಮೂತ್ರಪಿಂಡದ ತೊಂದರೆ ಇದ್ದವರು ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬೇಡಿ. ಡಾಕ್ಟರರು ಕೊಟ್ಟ ಆಂಟಿಬಯಾಟಿಕ್ಕನ್ನು ನಡುವೆ ನಿಲ್ಲಿಸಬೇಡಿ, ಕೊಡದಿದ್ದರೆ ನೀವಾಗಿ ತೆಗೆದುಕೊಳ್ಳಬೇಡಿ.

ನಮ್ಮ ಕೈಲಿರುವ ಔಷಧ: ಊಟ

ಅಗಿಯಲಾಗದೆಂದು ಊಟ ಬಿಟ್ಟು ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗಿದರೆ ಅಥವಾ ಇನ್ಸುಲಿನ್ ಚುಚ್ಚಿಕೊಂಡರೆ ಶುಗರ್ ಕುಸಿಯುತ್ತದೆ. ಬೆವರು, ನಡುಕ, ಕಣ್ಣು ಮಂಜು ಬಂದು ಶುಗರ್ 70ಕ್ಕಿಂತ ಇಳಿದಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಹೆಸರು ‘ಗ್ಲಿಫ್ಲೋಜಿನ್’ ಎಂದು ಕೊನೆಗೊಳ್ಳುವ ಮಾತ್ರೆ ತೆಗೆದುಕೊಳ್ಳುವವರು ಉಪವಾಸವಿರುವುದು ಅಪಾಯ, ರಕ್ತದಲ್ಲಿ ಆಮ್ಲ ಏರುವ ಸಂಭವವಿದೆ. ಡಾಕ್ಟರರನ್ನು ಮೊದಲೇ ಕೇಳಿಕೊಳ್ಳಿ.

ಹಲ್ಲು ಕೀಳಿಸಿದವರಿಗೆ ಐಸ್‌ಕ್ರೀಂ ತಿನ್ನಿ, ಜ್ಯೂಸ್ ಕುಡಿಯಿರಿ ಎನ್ನುವುದು ವಾಡಿಕೆ. ಅದು ನಮಗಲ್ಲ. ಬರೀ ಬಿಳಿ ಅನ್ನದ ಗಂಜಿಯೂ ಶುಗರ್ ಬೇಗ ಏರಿಸುತ್ತದೆ. ರಾಗಿ ಅಂಬಲಿ ಎಂದು ಲೋಟಗಟ್ಟಲೆ ಕುಡಿಯುವುದೂ ಬೇಡ. ಗಾಯ ಕಟ್ಟಲು ಬೇಕಾದದ್ದು ಪ್ರೋಟೀನು. ಹೆಸರುಬೇಳೆಯ ತೆಳು ತೊವ್ವೆ, ಮೊಸರು, ಮೆದು ಪನ್ನೀರು, ಚೆನ್ನಾಗಿ ಬೆಂದ ಸೋರೆ, ಪಡವಲ, ಕುಂಬಳ, ತಿನ್ನುವವರಿಗೆ ಬೇಯಿಸಿದ ಮೊಟ್ಟೆ, ಮುಳ್ಳು ತೆಗೆದ ಮೀನು ಇವನ್ನು ಸ್ವಲ್ಪ ಅನ್ನದ ಜೊತೆ, ಎಂದಿನ ಹೊತ್ತಿಗೆ, ಉಗುರುಬೆಚ್ಚಗೆ ಉಣ್ಣಿ. ಒಗ್ಗರಣೆಯ ಸಾಸಿವೆ ಕುಳಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಸೋಸಿ ಬಡಿಸಿಕೊಳ್ಳಿ. ಚಕ್ಕುಲಿ, ಚಿವಡಾ, ಹಪ್ಪಳ ಕೆಲವು ದಿನ ದೂರವಿರಲಿ. ಒಂದು ವಾರ ಶುಗರ್ ಪರೀಕ್ಷೆ ತಪ್ಪಿಸಬೇಡಿ.

ಯಾವಾಗ ಓಡಬೇಕು?

ಮತ್ತೆ ಅರ್ಧ ಗಂಟೆ ಬಟ್ಟೆ ಕಚ್ಚಿದರೂ ರಕ್ತ ನಿಲ್ಲದಿದ್ದರೆ, ಮೂರನೇ ದಿನದ ಮೇಲೂ ಊತ, ನೋವು ಹೆಚ್ಚುತ್ತಿದ್ದರೆ, ಜ್ವರ, ಕೀವು, ದುರ್ವಾಸನೆ ಇದ್ದರೆ, ಶುಗರ್ 250 ದಾಟಿ ಇಳಿಯದಿದ್ದರೆ ಅದೇ ದಿನ ಡಾಕ್ಟರರ ಬಳಿ ಹೋಗಿ. ಬಾಯಿ ತೆರೆಯಲಾಗದೆ, ನುಂಗಲಾಗದೆ, ಗದ್ದದ ಕೆಳಗೆ ಊದಿ ಉಸಿರಿಗೆ ಕಷ್ಟವಾದರೆ, ಇಲ್ಲವೇ ಬಿಡದೆ ವಾಂತಿಯಾದರೆ ರಾತ್ರಿಯಾದರೂ ಆಸ್ಪತ್ರೆಗೇ ಹೋಗಬೇಕು. 2021ರಲ್ಲಿ ಕೋವಿಡ್ಡಿನ ಬೆನ್ನಿಗೆ ಬಂದ ಕಪ್ಪು ಶಿಲೀಂಧ್ರ ಸೋಂಕು ಹೆಚ್ಚಾಗಿ ಕಾಡಿದ್ದು ಮಧುಮೇಹಿಗಳನ್ನೇ. ಮೇಲ್ದವಡೆಯ ಗಾಯ ಮಾಯದೆ ಕಪ್ಪಾದರೆ, ಕೆನ್ನೆ ಜೋಮು ಹಿಡಿದರೆ ತಡಮಾಡಬಾರದು.

ಕೊನೆಯದಾಗಿ ನಮ್ಮ ವಿನಂತಿ. ಆಹಾರ ಸುರಕ್ಷತೆಯ ನಿಯಮದಂತೆ ಅಡುಗೆ ಕೆಲಸದವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಹೇಗೂ ಆಗಬೇಕು. ಅದೇ ದಿನ ಶುಗರ್ ಮತ್ತು ಹಲ್ಲನ್ನೂ ತೋರಿಸಿ. ಕೀಳಿಸಬೇಕಾದ ಹಲ್ಲನ್ನು ಮುಹೂರ್ತಗಳಿಲ್ಲದ ಆಷಾಢದಲ್ಲೋ ಪಿತೃಪಕ್ಷದಲ್ಲೋ ಕೀಳಿಸಿ. ಸೀಸನ್ನಿನ ನಡುವೆ ಅನಿವಾರ್ಯವಾದರೆ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ನಿಲ್ಲೋಣ. ಗಿರಾಕಿ ಅವರದೇ ಆಗಿ ಉಳಿಯಲಿ.

ಮೇಲೆ ಹೇಳಿದ ಸದಸ್ಯರ ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಆಷಾಢದಲ್ಲಿ ಅವರು ಇನ್ನೊಂದು ಹಲ್ಲು ಕೀಳಿಸಿಕೊಂಡರು. ಈ ಸಲ ಮೊದಲೇ ಶುಗರ್ ಇಳಿಸಿಕೊಂಡಿದ್ದರು, ಎಲ್ಲವನ್ನೂ ಡಾಕ್ಟರರಿಗೆ ಹೇಳಿದ್ದರು. ಎರಡು ದಿನ ಮನೆಯಲ್ಲಿ ತೊವ್ವೆ ಉಂಡು ಕುಳಿತರು. ಅವರು ಒಪ್ಪಿಕೊಂಡಿದ್ದ ಸತ್ಯನಾರಾಯಣ ಪೂಜೆಯ ಊಟವನ್ನು ಇನ್ನೊಬ್ಬ ಸದಸ್ಯರು ಅವರ ಹೆಸರಿನಲ್ಲೇ ಮುಗಿಸಿಕೊಟ್ಟರು. ಮೂರು ವಾರದಲ್ಲಿ ಒಸಡು ಕೂಡಿಕೊಂಡಿತು.