ತೋಟದ ಮರದ ಮನೆ: ವರ್ಷವಿಡೀ ರಕ್ಷಣೆ

ಮಲೆನಾಡಿನ ಅಡಿಕೆ ಮತ್ತು ಕಾಫಿ ತೋಟಗಳಲ್ಲಿ ಮರದ ಕಂಬ, ಹಲಗೆಗಳಿಂದ ಕಟ್ಟಿದ ಸಣ್ಣ ಮನೆ ಇರುವುದು ವಾಡಿಕೆ. ಗೊಬ್ಬರ, ಸಿಂಪರಣಾ ಯಂತ್ರ, ಹಾರೆ, ಗುದ್ದಲಿಗಳಿಗೆ ಇದೇ ಆಶ್ರಯ. ಮಳೆ ಜೋರಾದಾಗ ಆಳುಗಳೂ ಇದರೊಳಗೇ ನಿಲ್ಲುತ್ತಾರೆ. ಹೊರಗೆ ಗಟ್ಟಿಯಾಗಿ ಕಾಣುವ ಕಂಬ ಒಳಗೆ ಲಡ್ಡಾಗಿದ್ದರೆ ಆಷಾಢದ ಗಾಳಿಗೆ ಮಾಡು ಕುಸಿದು ಪ್ರಾಣಕ್ಕೇ ಅಪಾಯವಾದೀತು.

ಮರ ಕೆಡುವುದೇಕೆ?

ಮರವನ್ನು ಕೊಳೆಯಿಸುವುದು ಶಿಲೀಂಧ್ರ. ಮರದ ತೇವಾಂಶ ಶೇಕಡ 20ಕ್ಕಿಂತ ಕಡಿಮೆಯಿದ್ದರೆ ಅದು ಬೆಳೆಯಲಾರದು. ನೀರು, ಗಾಳಿ ಎರಡೂ ಸಾಕಷ್ಟು ಸಿಗುವ ನೆಲಮಟ್ಟದಲ್ಲಿಯೇ ಕಂಬ ಮೊದಲು ಕೆಡುತ್ತದೆ. ಗೆದ್ದಲು ಮಣ್ಣಿನಿಂದ ಮೇಲೇರಿದರೆ, ಕೊರೆಯುವ ಹುಳುಗಳು ಹೆಚ್ಚಾಗಿ ಹೊರಗಿನ ಬಿಳಿ ಭಾಗವನ್ನು ತಿನ್ನುತ್ತವೆ. ತೇಗ, ಹೊನ್ನೆ ಮರಗಳ ಚೇಗು ಬಹುಕಾಲ ಬಾಳುತ್ತದೆ. ಸಿಲ್ವರ್ ಓಕ್ ಅಷ್ಟು ಬಾಳುವುದಿಲ್ಲ.

ಬೇಸಿಗೆ (ಮಾರ್ಚ್–ಮೇ)

ಮುಖ್ಯ ಕೆಲಸಗಳೆಲ್ಲ ಈಗಲೇ ಆಗಬೇಕು. ಪ್ರತಿ ಕಂಬದ ಬುಡವನ್ನು ಚೂರಿಯ ಮೊನೆಯಿಂದ ಚುಚ್ಚಿ ನೋಡಿರಿ. ಮೊನೆ ಸುಲಭವಾಗಿ ಒಳಹೋದರೆ ಆ ಭಾಗ ಕೆಟ್ಟಿದೆಯೆಂದು ತಿಳಿಯಬೇಕು. ತೊಲೆಗೆ ಊರೆ ಕೊಟ್ಟು, ಕೆಟ್ಟ ಬುಡವನ್ನು ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ, ನೆಲಕ್ಕಿಂತ ಒಂದು ಅಡಿ ಎತ್ತರದ ಕಲ್ಲು ಅಥವಾ ಸಿಮೆಂಟಿನ ಅಡಿಪೀಠದ ಮೇಲೆ ಕಂಬವನ್ನು ನಿಲ್ಲಿಸಿ, ಕಬ್ಬಿಣದ ಪಟ್ಟಿಯಿಂದ ಬಿಗಿಯಬೇಕು. ಒಡೆದ ಹೆಂಚುಗಳನ್ನು ಬದಲಾಯಿಸಿರಿ.

ಮಳೆ ತಾಗದ ಒಳಮರಕ್ಕೆ 10 ಲೀಟರ್ ಬಿಸಿನೀರಿನಲ್ಲಿ 360 ಗ್ರಾಂ ಬೋರಾಕ್ಸ್ ಮತ್ತು 240 ಗ್ರಾಂ ಬೋರಿಕ್ ಆಮ್ಲ ಕರಗಿಸಿ ಎರಡು ಸಲ ಬಳಿಯಬಹುದು. ಮಳೆಯಲ್ಲಿ ಇದು ತೊಳೆದುಹೋಗುವುದರಿಂದ ಹೊರಮರಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವುದು ಲೇಸು. ಈ ಎಣ್ಣೆ ಚರ್ಮವನ್ನು ಸುಡುತ್ತದೆ, ಕೈಗವಸು ಕಡ್ಡಾಯ. ಎಣ್ಣೆಯಾಗಲಿ ಬಣ್ಣವಾಗಲಿ ಪೂರ್ತಿ ಒಣಗಿದ ಮರಕ್ಕೆ ಮಾತ್ರ ಹಚ್ಚಬೇಕು. ಹಸಿಮರಕ್ಕೆ ಹಚ್ಚಿದರೆ ತೇವ ಒಳಗೇ ಉಳಿದು ಕೊಳೆತ ಹೆಚ್ಚುತ್ತದೆ.

ಮಳೆಗಾಲ (ಜೂನ್–ಸೆಪ್ಟೆಂಬರ್)

ಆಗುಂಬೆಯಂಥ ಕಡೆ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಸೂರಿನ ನೀರು ಕಂಬಕ್ಕೆ ಸಿಡಿಯದಂತೆ ಸುತ್ತಲೂ ಜಲ್ಲಿ ಹರಡಿ, ಕಾಲುವೆ ತೋಡಿ ನೀರನ್ನು ದೂರಕ್ಕೆ ಹರಿಸಬೇಕು. ಸೋರುವ ಜಾಗವನ್ನು ಕಂಡ ದಿನವೇ ಮುಚ್ಚಬೇಕು. ಹೊಳವಾದ ದಿನ ಕಿಟಕಿ, ಬಾಗಿಲು ತೆರೆದು ಗಾಳಿಯಾಡಿಸಿರಿ.

ಚಳಿಗಾಲ (ಅಕ್ಟೋಬರ್–ಫೆಬ್ರವರಿ)

ಗೋಡೆಗೆ ಒರಗಿಸಿದ ಸೌದೆ, ಹಾಳೆ, ಸೋಗೆಗಳನ್ನು ತೆಗೆಯಿರಿ. ಇವು ಗೆದ್ದಲಿಗೆ ಮೇಲೇರುವ ದಾರಿ. ಕಂಬದ ಮೇಲಿನ ಮಣ್ಣಿನ ಗೆರೆಗಳನ್ನು ಕೆರೆದು, ವಾರ ಬಿಟ್ಟು ಮತ್ತೆ ನೋಡಿರಿ. ಮರಳಿ ಕಟ್ಟಿದ್ದರೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದ ಸಲಹೆ ಪಡೆದು ಔಷಧಿ ಬಳಸಿರಿ. ಹಿಂದೆ ಬಳಕೆಯಲ್ಲಿದ್ದ ಆಲ್ಡ್ರಿನ್, ಬಿ.ಎಚ್.ಸಿ. ಪುಡಿಗಳನ್ನು 1990ರ ದಶಕದಲ್ಲಿಯೇ ನಿಷೇಧಿಸಲಾಗಿದೆ. ಹಳೆಯ ದಾಸ್ತಾನು ಮೂಲೆಯಲ್ಲಿ ಉಳಿದಿದ್ದರೂ ಅದನ್ನು ಬಳಸಕೂಡದು, ತೋಟಕ್ಕೆ ಚೆಲ್ಲಲೂ ಕೂಡದು.

ಬುಡ ಒಣಗಿದ್ದು ಮಾಡು ಸೋರದಿದ್ದರೆ ಮರದ ಮನೆ ತಲೆಮಾರುಗಟ್ಟಲೆ ಬಾಳುತ್ತದೆ. ಬೇಸಿಗೆಯಲ್ಲಿ ಎರಡು ದಿನದ ಕೆಲಸ ಮಳೆಗಾಲದ ದೊಡ್ಡ ನಷ್ಟವನ್ನು ತಪ್ಪಿಸುತ್ತದೆ.