ಹೂಳಿನಲ್ಲಿ ನೀರೆಷ್ಟು, ಮಣ್ಣೆಷ್ಟು?

ಹೊಸಪೇಟೆಯ ತುಂಗಭದ್ರಾ ಜಲಾಶಯದಲ್ಲಿ 1953ರಲ್ಲಿ ನೀರು ನಿಲ್ಲಿಸಿದಾಗ ಅದರ ಸಾಮರ್ಥ್ಯ ಸುಮಾರು 132.5 ಟಿಎಂಸಿ ಇತ್ತು. 2008ರ ಸರ್ವೆಯಲ್ಲಿ ಅದು ಸುಮಾರು 100.9 ಎಂದು ಬಂತು. ಆಮೇಲಿನ ಸರ್ವೆಯಲ್ಲಿ 105.8 ಎಂದು ತಿದ್ದುಪಡಿಯಾಯಿತು. ಈ ಕೊನೆಯ ಅಂಕಿಯನ್ನೇ ಹಿಡಿದರೂ ಸುಮಾರು 26.7 ಟಿಎಂಸಿಯಷ್ಟು ಜಾಗವನ್ನು ಹೂಳು ನುಂಗಿದೆ. ಘನ ಮೀಟರಿನಲ್ಲಿ ಹೇಳುವುದಾದರೆ ಸುಮಾರು 75 ಕೋಟಿ.

ಹೂಳೆತ್ತುವ ಮಾತು ಬಂದಾಗಲೆಲ್ಲ ಚರ್ಚೆ ಈ ಗಾತ್ರದ ಅಂಕಿಯ ಸುತ್ತಲೇ ನಡೆಯುತ್ತದೆ. ಆದರೆ ಅದು ಮಣ್ಣಿನ ಗಾತ್ರವಲ್ಲ, ಕೆಸರಿನ ಗಾತ್ರ. ಅದರೊಳಗೆ ನೀರಿನ ಪಾಲು ಎಷ್ಟೆಂದು ತಿಳಿಯದೆ ಎಷ್ಟು ಟನ್ ಮಣ್ಣು ಸಾಗಿಸಬೇಕು, ಅದಕ್ಕೆಷ್ಟು ಲಾರಿ ಬೇಕು, ಹೊಲಕ್ಕೆ ಹೇರಿದ ಮೇಲೆ ಎಷ್ಟು ಉಳಿಯುತ್ತದೆ ಎಂಬ ಯಾವ ಲೆಕ್ಕವನ್ನೂ ಹಾಕಲಾಗದು.

ಪ್ರಯೋಗಾಲಯದಲ್ಲಿ ತೇವಾಂಶ ಅಳೆಯುವ ಕೆಲಸ ಬಹಳ ಸರಳ. ಮುಚ್ಚಳವಿರುವ ಸಣ್ಣ ಡಬ್ಬಿಯಲ್ಲಿ 50 ಗ್ರಾಂ ಹಸಿ ಹೂಳು ಹಾಕಿ ತೂಗುತ್ತಾರೆ. ಮುಚ್ಚಳ ತೆಗೆದು 105ರಿಂದ 110 ಡಿಗ್ರಿ ಸೆಲ್ಸಿಯಸ್ ಶಾಖದ ಓವನ್‌ನಲ್ಲಿ ಸುಮಾರು ಒಂದು ದಿನ ಇಡುತ್ತಾರೆ. ತಣಿದ ಮೇಲೆ ತೂಕ 28.7 ಗ್ರಾಂ ಬಂತು ಎನ್ನೋಣ. ಆವಿಯಾಗಿ ಹೋದ ನೀರು 21.3 ಗ್ರಾಂ. ಸಿವಿಲ್ ಎಂಜಿನಿಯರುಗಳು ಈ ನೀರನ್ನು ಒಣ ಮಣ್ಣಿನ ತೂಕದಿಂದ ಭಾಗಿಸಿ ತೇವಾಂಶ ಶೇ. 74 ಎನ್ನುತ್ತಾರೆ. ಇಡೀ ಹಸಿ ಹೂಳಿನ ತೂಕದಿಂದ ಭಾಗಿಸಿದರೆ ಶೇ. 43 ಬರುತ್ತದೆ. ಹೆಂಟೆ ಒಂದೇ, ಅಂಕಿ ಎರಡು. ಒಣ ತೂಕದ ಲೆಕ್ಕದಲ್ಲಿ ತೇವಾಂಶ ಶೇ. 100ನ್ನೂ ದಾಟಬಲ್ಲದು. ಅದು ತಪ್ಪಲ್ಲ, ಮಣ್ಣಿಗಿಂತ ನೀರು ಹೆಚ್ಚಿದೆ ಎಂದಷ್ಟೇ ಅರ್ಥ.

ಕಷ್ಟವಿರುವುದು ಓವನ್‌ನಲ್ಲಲ್ಲ, ಮಾದರಿ ತರುವುದರಲ್ಲಿ. ನೂರಾರು ಚದರ ಕಿಲೋಮೀಟರ್ ಹರಡಿದ ಜಲಾಶಯದ ತಳದಿಂದ, ಹತ್ತಾರು ಅಡಿ ನೀರಿನ ಕೆಳಗಿನಿಂದ, ಕದಡದಂತೆ ಕೆಸರನ್ನು ಮೇಲೆತ್ತಬೇಕು. ಕೊಳವೆ ಮೇಲೆ ಬರುವಷ್ಟರಲ್ಲಿ ಒಂದಿಷ್ಟು ನೀರು ಸೋರಿಹೋದರೂ ಅಳತೆ ಕೆಟ್ಟಿತು. ಹಾಗಾಗಿ ಕೈಗೆ ಸಿಗುವ ಮಾದರಿಗಳು ಯಾವಾಗಲೂ ಕಡಿಮೆಯೇ. ಉಳಿದದ್ದನ್ನು ಅಂದಾಜಿನಿಂದ ತುಂಬಿಕೊಳ್ಳಬೇಕು, ಆ ಅಂದಾಜಿಗೆ ಭದ್ರವಾದ ತಳಹದಿಯೂ ಇದೆ.

ಸದಾ ನೀರಿನಡಿ ಇರುವ ಹೂಳಿನಲ್ಲಿ ಕಣಗಳ ನಡುವಿನ ಸಂದುಗಳೆಲ್ಲ ನೀರಿನಿಂದಲೇ ತುಂಬಿರುತ್ತವೆ, ಗಾಳಿಗೆ ಜಾಗವಿಲ್ಲ. ಜೊತೆಗೆ, ಬಹುಪಾಲು ಮಣ್ಣುಗಳ ಕಣಗಳ ಸಾಂದ್ರತೆ ನೀರಿನ 2.6ರಿಂದ 2.8 ಪಟ್ಟಿನೊಳಗೇ ಇರುತ್ತದೆ. ಮರಳಿನ ಮುಖ್ಯ ಖನಿಜವಾದ ಸ್ಫಟಿಕಶಿಲೆಯದು 2.65. ಇವೆರಡು ಗೊತ್ತಿದ್ದರೆ ಹಸಿ ಹೂಳಿನ ಸಾಂದ್ರತೆ ಎಂಬ ಒಂದೇ ಅಂಕಿ ಸಾಕು. ಒಂದು ಘನ ಮೀಟರ್ ಹಸಿ ಹೂಳು 1,500 ಕಿಲೋ ತೂಗಿದರೆ, ಅದರಲ್ಲಿ ಸುಮಾರು 800 ಕಿಲೋ ಮಣ್ಣು, 700 ಕಿಲೋ ನೀರು ಇರಲೇಬೇಕು. ಬೇರೆ ಯಾವ ಪಾಲಿನಲ್ಲಿ ಬೆರೆಸಿದರೂ ಗಾತ್ರ, ತೂಕ ಎರಡೂ ಒಟ್ಟಿಗೆ ಹೊಂದುವುದಿಲ್ಲ. ತೇವಾಂಶ ಶೇ. 87. ಅದೇ ಘನ ಮೀಟರ್ 1,200 ಕಿಲೋ ಮಾತ್ರ ತೂಗಿದರೆ ಮಣ್ಣು 320 ಕಿಲೋಗೆ ಇಳಿದು ತೇವಾಂಶ ಶೇ. 270 ದಾಟುತ್ತದೆ.

ಈ ಸಾಂದ್ರತೆಯನ್ನು ಕೆಸರನ್ನು ಒಣಗಿಸದೆಯೇ ಅಳೆಯುವ ಯಂತ್ರವೂ ಇದೆ. ಸಮುದ್ರತಳ ಕೊರೆಯುತ್ತಿದ್ದ ‘ಜಾಯ್ಡಿಸ್ ರೆಸೊಲ್ಯೂಷನ್’ ಹಡಗಿನಲ್ಲಿ ಮೇಲೆ ಬಂದ ಕೆಸರಿನ ಕೊಳವೆಯನ್ನು ಇಂಥ ಯಂತ್ರದ ಮೂಲಕ ಸಾಗಿಸುತ್ತಿದ್ದರು. ಒಂದು ಬದಿಯಲ್ಲಿ ಗಾಮಾ ಕಿರಣ ಸೂಸುವ ಸೀಸಿಯಂ-137 ತುಣುಕು, ಎದುರು ಬದಿಯಲ್ಲಿ ಕಿರಣ ಎಣಿಸುವ ಸಾಧನ. ಕೆಸರು ದಟ್ಟವಾಗಿದ್ದಷ್ಟೂ ದಾಟಿ ಬರುವ ಕಿರಣ ಕಡಿಮೆ. ವಾಸ್ತವವಾಗಿ ಕಿರಣಗಳನ್ನು ತಡೆಯುವುದು ಎಲೆಕ್ಟ್ರಾನುಗಳು. ಹೈಡ್ರೋಜನ್ ಇರುವುದರಿಂದ ಒಂದು ಗ್ರಾಂ ನೀರಿನಲ್ಲಿ ಒಂದು ಗ್ರಾಂ ಮರಳಿಗಿಂತ ಸುಮಾರು ಶೇ. 11ರಷ್ಟು ಹೆಚ್ಚು ಎಲೆಕ್ಟ್ರಾನುಗಳಿವೆ. ಆ ವ್ಯತ್ಯಾಸವನ್ನು ಸರಿದೂಗಿಸದಿದ್ದರೆ ನೀರು ಹೆಚ್ಚಿರುವ ಕೆಸರು ಇರುವುದಕ್ಕಿಂತ ದಟ್ಟವೆಂದು ತೋರುತ್ತದೆ.

ಸಾಂದ್ರತೆಯೂ ತಿಳಿಯದಿದ್ದರೆ? ಆಗ ಕಣದ ಗಾತ್ರವೇ ಆಧಾರ. ಅಮೆರಿಕದ ಎಂಜಿನಿಯರುಗಳಾದ ಲೇನ್ ಮತ್ತು ಕೋಲ್ಜರ್ 1943ರಲ್ಲಿ ಈ ದಾರಿ ತೋರಿಸಿದರು. 1963ರಲ್ಲಿ ಲಾರಾ ಮತ್ತು ಪೆಂಬರ್ಟನ್ ಸುಮಾರು 1,300 ಮಾದರಿಗಳನ್ನು ಪರಿಶೀಲಿಸಿ ಅದನ್ನು ಪರಿಷ್ಕರಿಸಿದರು. ಬೇಸಿಗೆಯಲ್ಲಿ ನೀರು ಸಾಕಷ್ಟು ಇಳಿಯುವ ಜಲಾಶಯಗಳಲ್ಲಿ ಒಂದು ಘನ ಮೀಟರ್ ಹೂಳಿನಲ್ಲಿ ಇರುವ ಒಣ ಮಣ್ಣು, ಅವರ ಪ್ರಕಾರ, ಬರೀ ಜೇಡಿಯಾದರೆ 561 ಕಿಲೋ, ನುಣ್ಣನೆಯ ಗೋಡಾದರೆ 1,140 ಕಿಲೋ, ಮರಳಾದರೆ 1,550 ಕಿಲೋ. ಸಂದುಗಳೆಲ್ಲ ನೀರಿನಿಂದ ತುಂಬಿವೆ ಎಂದುಕೊಂಡರೆ ಈ ಮೂರರ ತೇವಾಂಶ ಕ್ರಮವಾಗಿ ಶೇ. 140, 50 ಮತ್ತು 27.

ಇಷ್ಟೊಂದು ವ್ಯತ್ಯಾಸಕ್ಕೆ ಕಣದ ಗಾತ್ರ, ಆಕಾರ, ಆವೇಶಗಳು ಕಾರಣ. ಮರಳಿನ ಕಣಗಳು ದುಂಡಗಿದ್ದು ಒಂದರ ಮೇಲೊಂದು ಕೂರುತ್ತವೆ. ಜೇಡಿಯ ಕಣಗಳು ಮಿಲಿಮೀಟರಿನ ಐನೂರನೇ ಒಂದು ಭಾಗಕ್ಕಿಂತ ಚಿಕ್ಕವು, ಚಪ್ಪಟೆ, ಮೇಲ್ಮೈಯಲ್ಲಿ ವಿದ್ಯುದಾವೇಶ ಹೊತ್ತವು. ಬುಟ್ಟಿಗೆ ಸುರಿದ ಕರಿದ ಹಪ್ಪಳದ ಹಾಗೆ ಅಡ್ಡಾದಿಡ್ಡಿ ನಿಂತು, ನಡುವೆ ದೊಡ್ಡ ದೊಡ್ಡ ಸಂದು ಬಿಡುತ್ತವೆ.

ಈಗ ತುಂಗಭದ್ರೆಯ 75 ಕೋಟಿ ಘನ ಮೀಟರ್ ನೋಡಿ. ಅದೆಲ್ಲ ಜೇಡಿಯಾಗಿದ್ದರೆ ಒಣ ಮಣ್ಣು 42 ಕೋಟಿ ಟನ್, ಎಲ್ಲ ಮರಳಾಗಿದ್ದರೆ 116 ಕೋಟಿ ಟನ್. ಇಷ್ಟು ಅಗಲದ ಅಂದಾಜು ಇಟ್ಟುಕೊಂಡು ಯೋಜನೆ ಮಾಡಲಾಗದು. ಯಾವ ಗಾತ್ರದ ಕಣ ಎಷ್ಟು ಪಾಲಿದೆ ಎಂದು ತಿಳಿದರೆ ಅಗಲ ಕುಗ್ಗುತ್ತದೆ. ಉದಾಹರಣೆಗೆ ಅರ್ಧ ಜೇಡಿ, ಶೇ. 40 ಗೋಡು, ಶೇ. 10 ಮರಳು ಇದೆ ಎಂದಿಟ್ಟುಕೊಂಡರೆ ಒಂದು ಘನ ಮೀಟರಿಗೆ ಸುಮಾರು 890 ಕಿಲೋ, ಒಟ್ಟು 67 ಕೋಟಿ ಟನ್ ಒಣ ಮಣ್ಣು ಬರುತ್ತದೆ. ಅದರ ಸಂದುಗಳಲ್ಲಿ ಸುಮಾರು 50 ಕೋಟಿ ಟನ್ ನೀರು.

ವಯಸ್ಸನ್ನೂ ಮರೆಯುವಂತಿಲ್ಲ. ಮೊದಲ ವರ್ಷಗಳಲ್ಲಿ ಕೂತ ಜೇಡಿ ಮೇಲಿನ ಭಾರಕ್ಕೆ ಅಮುಕಿ ನೀರು ಬಿಟ್ಟುಕೊಡುತ್ತ ಬಂದಿರುತ್ತದೆ. ಇದೇ ಸೂತ್ರಗಳ ಪ್ರಕಾರ 70 ವರ್ಷ ಹಳೆಯ ಜೇಡಿ 561ರಿಂದ ಸುಮಾರು 810 ಕಿಲೋಗೆ ಬಿಗಿದುಕೊಂಡು, ತೇವಾಂಶ ಶೇ. 140ರಿಂದ 86ಕ್ಕೆ ಇಳಿಯುತ್ತದೆ. ಮರಳು ಮಾತ್ರ ಕೂತ ಹಾಗೇ ಇರುತ್ತದೆ.

ತಳಹದಿಯ ಊಹೆಗಳು ಕೈಕೊಡುವ ಜಾಗಗಳೂ ಇವೆ. ಕೊಳೆತ ಎಲೆ, ಪಾಚಿ ಹೆಚ್ಚಿರುವ ಕೆಸರಿನಲ್ಲಿ ಮೀಥೇನ್ ಗುಳ್ಳೆಗಳಿರುತ್ತವೆ. ಆಗ ಸಂದುಗಳೆಲ್ಲ ನೀರೇ ಎನ್ನಲಾಗದು. ಕಬ್ಬಿಣದ ಅದಿರಿನ ಹುಡಿ ತೂಕದಲ್ಲಿ ಹತ್ತನೇ ಒಂದು ಪಾಲು ಸೇರಿದ್ದರೆ ಕಣಗಳ ಸರಾಸರಿ ಸಾಂದ್ರತೆ 2.65ರಿಂದ ಸುಮಾರು 2.79ಕ್ಕೆ ಏರುತ್ತದೆ. ಮೇಲೆ ಶೇ. 87 ಎಂದು ಬಂದ ತೇವಾಂಶ ಆಗ ಶೇ. 92 ಆಗಬೇಕು. ಜಿಪ್ಸಮ್ ಇದ್ದರೆ ಓವನ್ ಕೂಡ ದಾರಿ ತಪ್ಪಿಸುತ್ತದೆ. 105 ಡಿಗ್ರಿಯಲ್ಲಿ ಹರಳಿನೊಳಗಿನ ನೀರೂ ಹೊರಬಂದು ತೇವಾಂಶ ಹೆಚ್ಚಾಗಿ ಕಾಣುತ್ತದೆ. ಅಂಥ ಮಣ್ಣನ್ನು ಕಡಿಮೆ ಶಾಖದಲ್ಲಿ ಹೆಚ್ಚು ಹೊತ್ತು ಒಣಗಿಸಬೇಕು. ಸಮುದ್ರದ ಕೆಸರಿನಲ್ಲಿ ನೀರು ಆರಿದ ಮೇಲೆ ಉಳಿಯುವ ಉಪ್ಪನ್ನು ಮಣ್ಣಿನ ತೂಕದಿಂದ ಕಳೆಯಬೇಕು.

ಆದ್ದರಿಂದ ಇರುವ ಕೆಲವೇ ಮಾದರಿಗಳನ್ನು ಎಲ್ಲಿಂದ ತೆಗೆಯಬೇಕು ಎಂಬುದೇ ಮುಖ್ಯ. ನದಿ ಬಂದು ಸೇರುವ ಹಿನ್ನೀರಿನ ತುದಿಯಲ್ಲಿ ಮರಳು ಮೊದಲು ಇಳಿಯುತ್ತದೆ, ಅಣೆಕಟ್ಟಿನ ಬಳಿ ಜೇಡಿ ನಿಲ್ಲುತ್ತದೆ. ಎಲ್ಲ ಕೊಳವೆಗಳನ್ನೂ ದಡದ ಸಮೀಪ ಇಳಿಸಿದರೆ ಲೆಕ್ಕ ಒಂದೇ ಕಡೆಗೆ ವಾಲುತ್ತದೆ. ತುದಿ, ನಡು, ಅಣೆಕಟ್ಟಿನ ಬುಡ, ಮೂರೂ ಕಡೆ ಮೇಲಿನಿಂದ ಆಳದವರೆಗೆ ಮಾದರಿ ಸಿಕ್ಕರೆ, ಉಳಿದ ಜಾಗಕ್ಕೆ ಸೂತ್ರವನ್ನು ಧೈರ್ಯವಾಗಿ ಬಳಸಬಹುದು.

ಈ ಅಂಕಿಗಳು ಕೊನೆಗೆ ತಲುಪುವುದು ಲಾರಿಯ ಬಾಡಿಗೆಗೆ. ಹತ್ತು ಟನ್ ಹೊರುವ ಲಾರಿಗೆ ಶೇ. 74 ತೇವಾಂಶದ ಹೂಳು ತುಂಬಿದರೆ ಅದರಲ್ಲಿ 5.7 ಟನ್ ಮಾತ್ರ ಮಣ್ಣು, ಉಳಿದ 4.3 ಟನ್ ನೀರಿಗೂ ಡೀಸೆಲ್ ಸುಡಬೇಕು. ಅದೇ ಹೂಳನ್ನು ಬಿಸಿಲಿಗೆ ಹರಡಿ ಶೇ. 25ಕ್ಕೆ ಇಳಿಸಿ ತುಂಬಿದರೆ ಮಣ್ಣು 8 ಟನ್ ಆಗುತ್ತದೆ. ಮೇಲಿನ ಉದಾಹರಣೆಯ 67 ಕೋಟಿ ಟನ್ನಿಗೆ ಹಸಿಯಾಗಿಯೇ ಸಾಗಿಸಿದರೆ ಸುಮಾರು 11.7 ಕೋಟಿ ಲೋಡು, ಒಣಗಿಸಿ ಸಾಗಿಸಿದರೆ 8.4 ಕೋಟಿ. ಎರಡೂ ದೊಡ್ಡ ಸಂಖ್ಯೆಗಳೇ, ಆದರೆ ಅವುಗಳ ನಡುವಿನ ಮೂರು ಕೋಟಿಗೂ ಹೆಚ್ಚು ಲೋಡು ಬರೀ ನೀರಿನ ಸಾಗಾಟ.